ತಡವಾಗಿ ನಕ್ಕವರು

ನನ್ನ ಅತ್ತೆ ಮುರಿಗೆಮ್ಮ ವರ್ಷಗಟ್ಟಲೆ ಮಾಡಿದ್ದು ಒಂದೇ ಕೆಲಸ. ಸಂಜೆ ಆರಕ್ಕೆ ಸಮುದಾಯ ಭವನಕ್ಕೆ ಹೋಗಿ, ಅಲ್ಲಿನ ಟಿ.ವಿ.ಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಊರಿನ ಮಕ್ಕಳ ಮೋರೆ ನೋಡುವುದು. ಅತ್ತೆಯ ಬಗ್ಗೆ ಬಹುವಚನದಲ್ಲಿ ಮಾತಾಡಬೇಕು, ಗೊತ್ತು. ಎದುರಿಗೆ ಇವತ್ತಿಗೂ ‘ನೀವು’ ಎಂದೇ ಅನ್ನುತ್ತೇನೆ. ಆದರೆ ಈ ಸಂಗತಿ ಹೇಳಲು ಕೂತಾಗ ನನ್ನ ನಾಲಿಗೆ ಅಷ್ಟು ಮರ್ಯಾದೆಗೆ ಒಗ್ಗುವುದಿಲ್ಲ. ಸಿಟ್ಟು ಇನ್ನೂ ಆರಿಲ್ಲ, ಆರಲಿ ಎಂದು ನಾನು ಕಾಯುತ್ತಲೂ ಇಲ್ಲ.

ನಮ್ಮೂರಿನಲ್ಲಿ ದಿನಾ ಸಂಜೆ ಆರಕ್ಕೆ ‘ನೀಲಿಕೋಟೆ’ ಬರುತ್ತದೆ. ಯಾವ ಚಾನೆಲ್ ಹಾಕಿದರೂ ಆ ಹೊತ್ತಿಗೆ ಅದೇ. ಕರೆಂಟು ಹೋದ ದಿನವೂ ಬಂದದ್ದುಂಟು. ಮಕ್ಕಳಿಗೆ ಕಾಣುತ್ತದೆ, ದೊಡ್ಡವರಿಗೆ ಕಾಣುವುದಿಲ್ಲ. ದೊಡ್ಡವರ ಕಣ್ಣಿಗೆ ಗಾಜಿನ ಮೇಲೆ ಕಪ್ಪು ಬಿಳಿ ಚುಕ್ಕಿಗಳು ಬಿಸಿ ಮರಳಿನಲ್ಲಿ ಮಂಡಕ್ಕಿ ಅರಳಿದ ಹಾಗೆ ಸಿಡಿಯುತ್ತಿರುತ್ತವೆ, ಕಿವಿಗೆ ಸೊರ್ರೆನ್ನುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಅದನ್ನು ಯಾರು ಕಳಿಸುತ್ತಾರೆ ಎಂದು ಕೇಳುವವರು ನಮ್ಮಲ್ಲಿ ಇರಲಿಲ್ಲ. ಹೆಂಗಸರು ಆ ಅರ್ಧ ತಾಸಿನಲ್ಲಿ ರೊಟ್ಟಿ ಬಡಿದು ಮುಗಿಸುತ್ತಿದ್ದರು. ಗಂಡಸರು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಕಾಲಿಗೆ ಅಡ್ಡ ಬರುವ ಮಗು ಒಂದೂ ಬೀದಿಯಲ್ಲಿ ಇರುತ್ತಿರಲಿಲ್ಲವಾದ್ದರಿಂದ ಎಮ್ಮೆಗಳನ್ನು ಆಗಲೇ ಹೊಡೆದುಕೊಂಡು ಬರುತ್ತಿದ್ದರು.

ಆದರೆ ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲವಲ್ಲ. ಕೆಲವರಿಗೆ ಏಳು ವರ್ಷಕ್ಕೆ, ಕೆಲವರಿಗೆ ಹತ್ತು ಹನ್ನೊಂದಕ್ಕೆ, ನೀಲಿಕೋಟೆ ಮಸುಕಾಗುತ್ತದೆ. ಸ್ವಲ್ಪ ದಿನ ಬಂದು ಹೋಗಿ ಮಾಡುತ್ತದೆ. ಆಮೇಲೆ ಬರೀ ಚುಕ್ಕಿ. ಇದಕ್ಕೆ ನಮ್ಮಲ್ಲಿ ‘ಕಣ್ಣು ಬಲಿಯುವುದು’ ಅನ್ನುತ್ತಾರೆ. ಕಣ್ಣು ಬಲಿತ ಮಗು ಮಾರನೆಯ ದಿನದಿಂದ ಶಾಲೆಗೆ ಹೋಗುವ ಹಾಗಿಲ್ಲ, ಕೊಟ್ರಪ್ಪ ಸಾಹುಕಾರರ ಮಂಡಕ್ಕಿ ಭಟ್ಟಿಗೆ ಹೋಗಬೇಕು. ಒಲೆಗೆ ಹೊಟ್ಟು ತುಂಬುವುದು, ಕಾದ ಮರಳು ಜರಡಿ ಹಿಡಿಯುವುದು, ಮಂಡಕ್ಕಿ ಚೀಲಕ್ಕೆ ತುಂಬಿ ಹೊಲಿಯುವುದು. ದೊಡ್ಡವರ ಕಣ್ಣು ಬಂದಮೇಲೆ ದೊಡ್ಡವರ ಕೆಲಸ, ಅಷ್ಟೇ ಮಾತು. ಹಿಂದಿನವರು ಮಾಡಿದ ಕಟ್ಟಳೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಹಿಂದಿನವರಿಗೂ ಒಂದು ಭಟ್ಟಿ ಇತ್ತು ಎಂಬುದನ್ನು ಮಾತ್ರ ಯಾರೂ ಸೇರಿಸಿ ಹೇಳುತ್ತಿರಲಿಲ್ಲ.

ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ ಎಂದು ದೊಡ್ಡವರು ಕಂಡುಹಿಡಿಯುವುದು ಹೇಗೆ? ಅದಕ್ಕೇ ಮೋರೆ ನೋಡುವವರು ಬೇಕಾಗುತ್ತಿದ್ದದ್ದು. ಶಾಲೆಗೆ ಹೋಗುವ ಮಕ್ಕಳನ್ನೆಲ್ಲ ಭವನದ ಜಮಖಾನದ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಎದುರಿಗೆ ಟಿ.ವಿ., ಟಿ.ವಿ.ಯ ಪಕ್ಕದಲ್ಲಿ ಮಕ್ಕಳ ಕಡೆ ಮುಖ ಮಾಡಿ ಕುರ್ಚಿಗಳು. ನೀಲಿಕೋಟೆಯಲ್ಲಿ ನಗು ಬರುವಂಥದ್ದು ಏನಾದರೂ ಆದಾಗ ಕಾಣುವ ಮಕ್ಕಳು ಒಟ್ಟಿಗೆ ನಗುತ್ತವೆ. ಕಾಣದ ಮಗು ಪಕ್ಕದವರ ನಗು ಕೇಳಿಸಿಕೊಂಡು ಆಮೇಲೆ ನಗುತ್ತದೆ. ಕಣ್ಣು ಮಿಟುಕಿಸುವಷ್ಟು ತಡ. ಆ ತಡವನ್ನು ಹಿಡಿಯುವುದರಲ್ಲಿ ನನ್ನ ಅತ್ತೆಯನ್ನು ಮೀರಿಸುವವರು ಇರಲಿಲ್ಲ. ತಡವಾಗಿ ನಕ್ಕ ಮಗುವಿನ ಹಣೆಗೆ ಅವಳು ಭಟ್ಟಿಯ ಮಸಿ ಹಚ್ಚುತ್ತಿದ್ದಳು. ಮನೆಯವರು ಆ ಮಗುವಿಗೆ ಅವತ್ತು ಪಾಯಸ ಮಾಡಿ ಹಾಕುತ್ತಿದ್ದರು.

ನನಗೂ ಪಾಯಸ ಹಾಕಿದ್ದರು. ಮೂರನೇ ಕ್ಲಾಸಿನಲ್ಲಿದ್ದೆ. ಓದುವುದರಲ್ಲಿ ಜಾಣೆ ಎಂದೇನೂ ಅಲ್ಲ, ಆದರೆ ಬರೆಯುವುದೆಂದರೆ ಆಸೆ, ಅದರಲ್ಲೂ ಒತ್ತಕ್ಷರ ಬರೆಯುವುದು. ಅವತ್ತು ಎಲ್ಲ ಮಕ್ಕಳೂ ನಕ್ಕವು, ನಾನೂ ನಕ್ಕೆ. ಕಣ್ಣೆತ್ತಿದರೆ ಮುರಿಗೆಮ್ಮನ ಬೆರಳು ನನ್ನ ಕಡೆ ಇತ್ತು. ಆಗ ಅವಳು ನನಗೆ ಯಾರೂ ಅಲ್ಲ, ಕೆಳಗಿನ ಕೇರಿಯ ಒಬ್ಬ ಹೆಂಗಸು. ಮುಂದೆ ನಾನು ಭಟ್ಟಿಯಲ್ಲೇ ಬೆಳೆದು, ಮದುವೆಯ ವಯಸ್ಸಿಗೆ ಬಂದಾಗ, ಅದೇ ಹೆಂಗಸು ನಮ್ಮ ಮನೆಗೆ ಹೂವು ಹಣ್ಣು ತಂದು ತನ್ನ ಮಗ ಚೌಡಪ್ಪನಿಗೆ ನನ್ನನ್ನು ಕೇಳಿದಳು. “ಹುಡುಗಿ ಬೆಂಕಿ ಮುಂದೆ ಪಳಗ್ಯಾಳೆ, ನಮ್ಮ ಮನೆಗೆ ಆಗಿಬರ್ತಾಳೆ” ಎಂದಳು. ನನ್ನ ಅವ್ವ ಖುಷಿಯಿಂದ ಕಣ್ಣೊರೆಸಿಕೊಂಡಳು. ನಾನು ಮಾತ್ರ ಅವಳ ಬೆರಳನ್ನೇ ನೋಡುತ್ತಿದ್ದೆ.

ನಮ್ಮ ಮಗಳು ದಾಕ್ಷಾಯಣಿ. ಎಲ್ಲರ ಬಾಯಲ್ಲೂ ದಾಕ್ಷಿ. ಅವಳಿಗೆ ನೀಲಿಕೋಟೆಯ ಹುಚ್ಚು ಎಷ್ಟಿತ್ತೆಂದರೆ ಅನ್ನದ ತಟ್ಟೆಯ ಮುಂದೆ ಕೂತರೂ ಅದೇ ಮಾತು. ಆ ಕಥೆಯಲ್ಲಿ ಚಿಟಿಕೆ ಎಂಬ ಹುಡುಗಿ ಇದ್ದಾಳೆ. ಅವಳು ಬೆರಳು ಚಿಟಿಕೆ ಹೊಡೆದರೆ ಎಂಥ ಬಾಗಿಲಾದರೂ ತೆರೆದುಕೊಳ್ಳುತ್ತದೆ, ಆದರೆ ತೆರೆದ ಬಾಗಿಲ ಆಚೆ ಏನಿರುತ್ತದೆಂದು ಅವಳಿಗೂ ಗೊತ್ತಿರುವುದಿಲ್ಲ. ಕಬ್ಬಿಣದ ಕೋಳಿಯೊಂದಿದೆ, ಅದರ ಮೇಲೆ ಕೂತು ಅವಳು ಹಾರುತ್ತಾಳೆ. ತುಕ್ಕು ಹಿಡಿದಿರುವುದರಿಂದ ಕೋಳಿ ಕಿರ್ರ್ ಕಿರ್ರ್ ಎನ್ನುತ್ತದೆ. ಡೊಂಕಾಸುರ ಎಂಬ ರಾಕ್ಷಸ ಇದ್ದಾನೆ, ಅವನಿಗೆ ಬಿಕ್ಕಳಿಕೆ, ಒಂದೊಂದು ಸಲ ಬಿಕ್ಕಿದಾಗಲೂ ಅವನದೇ ಕೋಟೆಯ ಒಂದೊಂದು ಗೋಪುರ ಬೀಳುತ್ತದೆ. ಊರಿನ ಮಕ್ಕಳೆಲ್ಲ ಬೆಡ್‌ಶೀಟು ಕೊರಳಿಗೆ ಕಟ್ಟಿಕೊಂಡು, ಕಸಬರಿಗೆ ಕಾಲ ಸಂದಿಗೆ ಸಿಕ್ಕಿಸಿಕೊಂಡು, ಕಿರ್ರ್ ಎನ್ನುತ್ತ ಓಡುತ್ತಿದ್ದರು.

ದೊಡ್ಡವರು ಆ ಕಥೆ ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ಬಲಿತ ಕಣ್ಣಿನವರು ಮಕ್ಕಳ ಬಾಯಿಗೆ ಬಾಯಿ ಹಾಕಬಾರದು ಎನ್ನುತ್ತಿದ್ದರು. ಆದರೂ ನಾನು ಕೇಳುತ್ತಿದ್ದೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವಳು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳುತ್ತಿದ್ದಳು, ನಾನು ಬಡಿಯುವ ಕೈ ನಿಲ್ಲಿಸದೆ ಕೇಳುತ್ತಿದ್ದೆ.

“ಅವ್ವಾ, ನಿನಗೆ ಯಾಕೆ ಇಷ್ಟ ಇದು? ನಿನಗೆ ಕಾಣಂಗೇ ಇಲ್ಲ” ಎಂದು ಒಮ್ಮೆ ಕೇಳಿದಳು.

“ಆ ಹುಡುಗಿಗೆ ನೀರು ತಾ, ಕಸ ಹೊಡಿ, ಹೊಟ್ಟು ತುಂಬು ಅನ್ನೋರು ಯಾರೂ ಇಲ್ಲ ನೋಡು, ಅದಕ್ಕೆ” ಎಂದೆ.

ದಾಕ್ಷಿ ನಗಲಿಲ್ಲ. “ನನಗೂ ಅದಕ್ಕೇ ಇಷ್ಟ” ಎಂದಳು.

ಹೋಳಿ ಹುಣ್ಣಿಮೆ ಕಳೆದ ಮೇಲಿನ ಒಂದು ಭಾನುವಾರ ಭವನಕ್ಕೆ ರಜೆ. ಮಕ್ಕಳು ಅವರವರ ಮನೆಯಲ್ಲೇ ನೋಡುತ್ತಿದ್ದರು. ನಾನು ಒಲೆ ಆರಿಸಿ ಹೊರಗೆ ಬಂದೆ. ದಾಕ್ಷಿ ಟಿ.ವಿ. ಮುಂದೆ ಕಾಲು ಮಡಿಸಿ ಕೂತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ದಿನಾ ಕೂರುವ ಹಾಗೆಯೇ. ಆದರೆ ಅವಳ ಕಣ್ಣಿನ ಗುಡ್ಡೆ ಅಲ್ಲಾಡುತ್ತಿರಲಿಲ್ಲ. ಹಾರುವ ಕೋಳಿಯನ್ನು ನೋಡುವವರ ಕಣ್ಣು ಅದರ ಹಿಂದೆ ಓಡಬೇಕು. ನನ್ನ ಮಗಳು ಗೋಡೆ ನೋಡುವ ಹಾಗೆ ನೋಡುತ್ತಿದ್ದಳು. ಅತ್ತೆ ಪಡಸಾಲೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಾನು ಅವಳಿಗೂ ಮಗಳಿಗೂ ನಡುವೆ ಹೋಗಿ ನಿಂತು, ಸೆರಗಿನಿಂದ ಟಿ.ವಿ. ಧೂಳು ಒರೆಸುವ ನೆಪ ಮಾಡಿದೆ.

ಆಮೇಲೆ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ. “ಯಾವಾಗಿಂದ?”

ಅವಳು ಸುಳ್ಳು ಹೇಳಲು ನೋಡಿದಳು. ನನ್ನ ಮೋರೆ ನೋಡಿ ಕೈಬಿಟ್ಟಳು. “ಹೋಳಿಗಿಂತ ಮುಂಚೆಯಿಂದ.”

“ನಿತ್ಯ ನನಗೆ ಕಥೆ ಹೇಳ್ತಿದ್ದೆಯಲ್ಲೇ?”

“ಹೊನ್ನಿ ಹೇಳ್ತಾಳೆ, ನಾನು ನಿನಗೆ ಹೇಳ್ತೀನಿ. ಅವಳಿಗೆ ನೆಟ್ಟಗೆ ಹೇಳಾಕೆ ಬರಲ್ಲ, ಅರ್ಧಕ್ಕೇ ಬಿಡ್ತಾಳೆ. ಉಳಿದದ್ದು ನಾನೇ ಕಟ್ತೀನಿ.” ಹೊನ್ನಿ ಎಂದರೆ ಒಂದನೇ ಕ್ಲಾಸಿನ ಮಗು, ಮುಂದಿನ ಹಲ್ಲು ಎರಡೂ ಬಿದ್ದಿದ್ದವು.

“ಭವನದಾಗೆ ಏನು ಮಾಡ್ತೀಯಾ? ನಿಮ್ಮಜ್ಜಿ ಎದುರಿಗೇ ಕೂತಿರ್ತಾಳಲ್ಲ?”

ಆಗ ಅವಳು ಎಲ್ಲ ಹೇಳಿದಳು. ಅವಳ ಸಾಲಿನಲ್ಲಿ ಕಾಣುತ್ತಿದ್ದದ್ದು ಹೊನ್ನಿಯೊಬ್ಬಳಿಗೇ. ಮಿಕ್ಕ ಮಕ್ಕಳಿಗೆ ಯಾರಿಗೂ ಇಲ್ಲ. ತೊಡೆಯ ಕೆಳಗೆ, ಲಂಗದ ಮರೆಯಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು ಕೂರುತ್ತಿದ್ದರು. ನಗು ಬರುವಾಗ ಹೊನ್ನಿ ಪಕ್ಕದವಳ ಕೈ ಅಮುಕಬೇಕು, ಪಕ್ಕದವಳು ಅವಳ ಪಕ್ಕದವಳದ್ದು. ಹೊನ್ನಿಗೆ ಮೊದಲು ಕೈ ಅಮುಕಿ ಆಮೇಲೆ ನಗಲು ಕಲಿಸಿದ್ದರು. ಪಾಪ, ಆ ಮಗು ಬಂದ ನಗುವನ್ನು ಬಾಯಲ್ಲಿ ಹಿಡಿದುಕೊಂಡು ಕಾಯುತ್ತಿತ್ತಂತೆ. ಊರಿನ ದೊಡ್ಡವರೆಲ್ಲ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರೆ, ಮಕ್ಕಳು ಅವರ ಮೂಗಿನ ಕೆಳಗೇ ಒಬ್ಬರನ್ನೊಬ್ಬರು ಉಳಿಸಿಕೊಳ್ಳುತ್ತಿದ್ದವು. ನಮ್ಮ ಕಾಲದಲ್ಲಿ ನಮಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಜೊತೆಗೆ ಹೆಮ್ಮೆಯೂ ಆಯಿತು.

“ಯಾರಿಗೂ ಹೇಳಬ್ಯಾಡ ಅವ್ವಾ. ಅಪ್ಪಗೂ” ಎಂದಳು. ಹೇಳಲಿಲ್ಲ.

ಆದರೆ ಮುರಿಗೆಮ್ಮ ಸುಮ್ಮನೆ ಹೆಸರು ಮಾಡಿದವಳಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಮಗನ ಕಡೆ ತಿರುಗಿ ಹೇಳಿದಳು. “ಚೌಡಾ, ಈ ನಡುವೆ ಹುಡುಗ್ರ ನಗು ಒಂದು ಥರಾ ಐತೆ ಕಣೋ. ಒಂದು ತುದಿಗೆ ಹುಟ್ಟಿ ಇನ್ನೊಂದು ತುದಿಗೆ ಹರೀತೈತೆ. ಗಾಳಿ ಬಂದಾಗ ಜೋಳದ ತೆನೆ ಬಾಗಂಗೆ. ನಗು ಹಂಗೆ ಬರಂಗಿಲ್ಲ.”

ಚೌಡಪ್ಪ ಮುದ್ದೆ ಮುರಿಯುತ್ತಿದ್ದ. ಅವನು ಭಟ್ಟಿಯಲ್ಲಿ ದೊಡ್ಡ ಒಲೆಯ ಮೇಸ್ತ್ರಿ, ದಿನವಿಡೀ ಹೊಗೆ ಕುಡಿದು ಸಂಜೆಗೆ ಅವನಲ್ಲಿ ಮಾತು ಉಳಿಯುತ್ತಿರಲಿಲ್ಲ. “ಮಕ್ಕಳು ನಗ್ತಾವೆ ಬಿಡವ್ವ” ಎಂದ.

“ಬಿಡಾಕೆ ಬರಂಗಿಲ್ಲ. ನಾಳೆ ಎಲ್ಲಾರ್ನೂ ದೂರ ದೂರ ಕೂರಿಸ್ತೀನಿ. ಕೈ ತಲೆ ಮ್ಯಾಲೆ.”

ದಾಕ್ಷಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ನಾನು ಅತ್ತೆಗೆ ಸಾರು ಬಡಿಸುವ ಸೌಟನ್ನು ಪಾತ್ರೆಗೆ ಬಿಟ್ಟೆ. “ಅತ್ತೆವ್ವಾ, ನಿಮ್ಮ ಮೊಮ್ಮಗಳೂ ಅಲ್ಲೇ ಕೂರ್ತಾಳೆ” ಎಂದೆ.

“ಗೊತ್ತೈತೆ. ಮನೆ ಮಗು ಅಂತ ಬಿಟ್ರೆ ನಾಳೆ ನನ್ನ ಮಾತಿಗೆ ಏನು ಕಿಮ್ಮತ್ತು? ಇಷ್ಟು ವರ್ಷ ಎಷ್ಟು ಜನರ ಮಕ್ಕಳಿಗೆ ಮಸಿ ಹಚ್ಚೀನಿ ನಾನು” ಎಂದಳು. ಎಷ್ಟು ಶಾಂತವಾಗಿ ಅಂದಳೆಂದರೆ, ಆ ಹೊತ್ತಿನಲ್ಲಿ ಅವಳ ಮುಂದಿನ ತಟ್ಟೆ ಕಿತ್ತುಕೊಂಡು ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅವತ್ತಿನವರೆಗೂ ನಾನು ಎಸೆಯದವಳೇ ಆಗಿದ್ದೆ.

ಮಾರನೆಯ ಸಂಜೆ ಹಿಟ್ಟು ನಾದಿಟ್ಟವಳು ಹಾಗೇ ಎದ್ದು ಭವನಕ್ಕೆ ಹೋದೆ. ತಾಯಂದಿರು ಒಳಗೆ ಬರುವ ಹಾಗಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತೆ. ಒಳಗೆ ಮಕ್ಕಳು ಒಬ್ಬರಿಂದ ಒಬ್ಬರು ಮಾರು ದೂರ ಕೂತಿದ್ದರು, ಕೈಗಳು ತಲೆಯ ಮೇಲೆ. ಶಿಕ್ಷೆಗೆ ಕೂರಿಸಿದ ಹಾಗೆ. ನೀಲಿಕೋಟೆ ನೋಡಲು, ಚಿಟಿಕೆ ಬಾಗಿಲು ತೆಗೆಯುವುದನ್ನು ನೋಡಲು, ಮಕ್ಕಳು ಕೈದಿಗಳ ಹಾಗೆ ಕೂತಿದ್ದರು. ಕುರ್ಚಿಗಳಲ್ಲಿ ನನ್ನ ಅತ್ತೆ, ಇನ್ನಿಬ್ಬರು ಮೋರೆ ನೋಡುವವರು, ನಡುವೆ ಕೊಟ್ರಪ್ಪ ಸಾಹುಕಾರ. ಭಟ್ಟಿಗೆ ಜನ ಕಡಿಮೆ ಬಿದ್ದಾಗಲೆಲ್ಲ ಅವರೇ ಖುದ್ದಾಗಿ ಬರುತ್ತಿದ್ದರು.

ಟಿ.ವಿ. ಸೊರ್ರೆಂದಿತು. ಸ್ವಲ್ಪ ಹೊತ್ತಿಗೆ ಹೊನ್ನಿ ಕಿಲಕ್ಕೆಂದು ನಕ್ಕಳು. ಅಲ್ಲಿ ಇಲ್ಲಿ ಇನ್ನೂ ಕೆಲವು ಸಣ್ಣ ಮಕ್ಕಳು ನಕ್ಕವು. ಆಮೇಲೆ ನನ್ನ ಮಗಳು ನಕ್ಕಳು, ಅವಳ ಸಾಲು ನಕ್ಕಿತು. ತಡವಾಗಿತ್ತು. ಕಿಟಕಿಯ ಹೊರಗಿದ್ದ ನನಗೇ ಗೊತ್ತಾಯಿತು. ಅದು ನಗುವಾಗಿರಲಿಲ್ಲ, ಹೆದರಿದ ಮಕ್ಕಳು ಹಲ್ಲು ಬಿಟ್ಟದ್ದಾಗಿತ್ತು.

ಮುರಿಗೆಮ್ಮ ಮಸಿಯ ಬಟ್ಟಲು ಹಿಡಿದು ಎದ್ದಳು. ಬೇರೆ ಯಾವ ಸಾಲಿಗೂ ಹೋಗದೆ ನೇರ ದಾಕ್ಷಿಯ ಮುಂದೆ ಬಂದು ನಿಂತಳು. ನಾನು ಯಾವಾಗ ಬಾಗಿಲು ದಾಟಿದೆನೋ ಗೊತ್ತಿಲ್ಲ. ಹಿಟ್ಟು ಮೆತ್ತಿದ ಕೈಯಿಂದ ಆ ಬಟ್ಟಲಿಗೆ ಹೊಡೆದೆ. ಮಸಿ ಅತ್ತೆಯ ಸೀರೆಯ ಮೇಲೆ, ಜಮಖಾನದ ಮೇಲೆ, ನನ್ನ ಕೈ ಮೇಲೆ ಚೆಲ್ಲಿತು. ಬಟ್ಟಲು ಉರುಳಿಕೊಂಡು ಹೋಗಿ ಸಾಹುಕಾರರ ಕಾಲ ಬಳಿ ನಿಂತಿತು.

“ಏನಮ್ಮಾ ಇದು? ಚೌಡಪ್ಪನ ಹೆಂಡ್ತಿ ಅಲ್ವಾ ನೀನು? ಹೆಂಗಸು ಬಂದು ಹಿಂಗೆಲ್ಲ ಮಾಡಬಹುದಾ?” ಎಂದರು ಕೊಟ್ರಪ್ಪನವರು. ಅವರು ದನಿ ಏರಿಸುವವರಲ್ಲ. ಏರಿಸುವ ಪ್ರಸಂಗ ಅವರಿಗೆ ಯಾವತ್ತೂ ಬಂದಿರಲಿಲ್ಲ.

“ಮಾಡೀನಲ್ರಿ” ಎಂದೆ. “ನೀವು ಟಿ.ವಿ.ಗೆ ಬೆನ್ನು ಹಾಕ್ಕೊಂಡು ಕೂತೀರಿ. ಅಲ್ಲಿ ನಗೋದು ಬಂತೋ ಅಳೋದು ಬಂತೋ ನಿಮಗೆ ಹೆಂಗೆ ಗೊತ್ತು? ತಿರುಗಿ ಕೂತ್ರೂ ಗೊತ್ತಾಗಂಗಿಲ್ಲ. ನಿಮಗೆ ಕಾಣದ್ದು ನನ್ನ ಮಗಳಿಗೆ ಕಾಣಂಗಿಲ್ಲ ಅಂತ ಅವಳು ಶಾಲೆ ಬಿಡಬೇಕಾ? ನಿಮ್ಮ ಕಣ್ಣು ಬಲ್ತು ಎಷ್ಟು ಕಾಲ ಆತು, ನೀವು ಯಾವ ಒಲಿಗೆ ಹೊಟ್ಟು ತುಂಬೀರಿ?”

ಹೊರಗೆ ಜನ ಸೇರಿದ್ದರು. ಕಿಟಕಿಯ ತುಂಬ ಮೋರೆಗಳು. ಚೌಡಪ್ಪ ಭಟ್ಟಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಿದ್ದ, ನನ್ನನ್ನು ಕರೆಯಲೂ ಇಲ್ಲ, ಒಳಗೆ ಬರಲೂ ಇಲ್ಲ.

ಕೊಟ್ರಪ್ಪನವರು ನಕ್ಕರು. “ಸರಿನಮ್ಮಾ. ಅನ್ಯಾಯ ಆಗೋದು ಬ್ಯಾಡ. ನಿನ್ನ ಮಗಳಿಗೆ ಕಾಣ್ತೈತೆ ಅಂದ್ರೆ ಹೇಳ್ಲಿ. ಈಗ ಅಲ್ಲಿ ಏನು ನಡೀತೈತೆ? ಹೊನ್ನಿ ಇದಾಳಲ್ಲ, ಸುಳ್ಳಾದ್ರೆ ಅವಳು ಹೇಳ್ತಾಳೆ.”

ದಾಕ್ಷಿ ಎದ್ದು ನಿಂತಳು. ಕೈ ಇನ್ನೂ ತಲೆಯ ಮೇಲೇ ಇತ್ತು, ಇಳಿಸಲು ಮರೆತಿದ್ದಳು. ಟಿ.ವಿ. ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಏನು ಹೇಳಿಕೊಡಬೇಕೋ ನನಗೂ ತಿಳಿಯಲಿಲ್ಲ. “ಹೇಳವ್ವ, ನಿನಗೆ ಏನು ಹೇಳಬೇಕು ಅನಿಸ್ತೈತೋ ಅದನ್ನೇ ಹೇಳು” ಎಂದೆ.

“ನನಗೆ ಕಾಣಂಗಿಲ್ಲ” ಎಂದಳು ದಾಕ್ಷಿ. ಕಿಟಕಿಯ ಆಚೆ ಯಾರೋ ಅಯ್ಯೋ ಎಂದರು. ಅವಳು ಕೈ ಕೆಳಗಿಳಿಸಿದಳು. “ಭಾಳ ದಿನದಿಂದ ಕಾಣಂಗಿಲ್ಲ. ಆದ್ರೆ ಏನು ನಡೀತೈತೆ ಅಂತ ನನಗೆ ಗೊತ್ತು. ಡೊಂಕಾಸುರ ಇವತ್ತು ಕುರ್ಚಿ ಹಾಕ್ಕೊಂಡು ಕೂತಾನೆ. ಕೋಟೆಗೆ ಬೆನ್ನು ಹಾಕ್ಕೊಂಡು. ಯಾಕಂದ್ರೆ ಕೋಟೆಯಾಗೆ ಸಿಕ್ಕಿದ ಮಕ್ಕಳ್ನೆಲ್ಲ ಎಣಿಸ್ಬೇಕಲ್ಲ, ಅದಕ್ಕೆ ಮಕ್ಕಳ ಮೋರೆನೇ ನೋಡ್ತಾ ಕೂತಾನೆ. ಅವನಿಗೆ ಬಿಕ್ಕಳಿಕೆ ಬಂತು. ಬಾಯಿ ಮುಚ್ಕೊಂಡ. ಮೂಗು ಹಿಡ್ಕೊಂಡ. ಆದ್ರೂ ಬಂತು.” ಅವಳು ಬಿಕ್ಕಿದಳು, ಇಡೀ ಮೈ ಕುಲುಕುವ ಹಾಗೆ. “ಹಿಂದೆ ಒಂದು ಗೋಪುರ ಬಿತ್ತು. ಅವನು ತಿರುಗಿ ನೋಡ್ಲಿಲ್ಲ. ಮಕ್ಕಳು ಓಡಿ ಹೋದಾವು ಅಂತ ಹೆದರಿಕೆ. ಇನ್ನೊಂದು ಬಿಕ್ಕಿದ. ಇನ್ನೊಂದು ಬಿತ್ತು. ‘ಏನದು ಸದ್ದು?’ ಅಂದ. ಚಿಟಿಕೆ ಅಂದ್ಲು, ‘ಏನಿಲ್ರಿ ಸಾಹುಕಾರ್ರೇ, ಯಾರೋ ಮಂಡಕ್ಕಿ ತಿಂತಿದಾರೆ.’”

ಭವನದಲ್ಲಿ ನಗು ಸಿಡಿಯಿತು. ಮಕ್ಕಳೆಲ್ಲ ಅವಳ ಕಡೆ ತಿರುಗಿದ್ದರು. ಕಾಣುವವರು, ಕಾಣದವರು, ಎಲ್ಲರೂ. ಹೊನ್ನಿ ಟಿ.ವಿ.ಗೆ ಪೂರಾ ಬೆನ್ನು ಹಾಕಿ, ಬೊಚ್ಚು ಬಾಯಿ ತೆರೆದುಕೊಂಡು ನನ್ನ ಮಗಳನ್ನೇ ನೋಡುತ್ತಿದ್ದಳು. ಅವಳ ಹಿಂದೆ ನೀಲಿಕೋಟೆ ತನ್ನ ಪಾಡಿಗೆ ಸೊರ್ರೆನ್ನುತ್ತಿತ್ತು. ದಾಕ್ಷಿ ನಿಲ್ಲಿಸಲಿಲ್ಲ. ಕೋಟೆಯ ಕೊನೆಯ ಗೋಪುರ ಬಿದ್ದಮೇಲೆ ಅಲ್ಲಿ ಒಂದು ಬಾಗಿಲು ಮಾತ್ರ ಉಳಿಯಿತು ಎಂದಳು, ಗೋಡೆಯೇ ಇಲ್ಲದ ಬಾಗಿಲು. ಕಬ್ಬಿಣದ ಕೋಳಿ ಅದರ ಮುಂದೆ ಮೊಟ್ಟೆ ಇಟ್ಟು ಕೂತಿತು, ಏಳಲೊಲ್ಲದು. ಚಿಟಿಕೆ ಅದಕ್ಕೆ ಕೈ ಮುಗಿದಳು, ಬೈದಳು, ಕೊನೆಗೆ ತಾನೂ ಪಕ್ಕದಲ್ಲಿ ಕಾವಿಗೆ ಕೂತಳು. ಮಕ್ಕಳು ಮತ್ತೆ ನಕ್ಕವು, ಎಲ್ಲವೂ ಒಟ್ಟಿಗೆ, ಒಂದೇ ಉಸಿರಿಗೆ. ಕಿಟಕಿಯ ಆಚೆ ಭಟ್ಟಿಯ ಗಂಡಸರು ನಕ್ಕರು. ನಾನೂ ನಕ್ಕೆ. ಸಿಟ್ಟು ಆರದಿರುವಾಗಲೂ ನಗು ಬರುತ್ತದೆ ಎಂದು ಅವತ್ತೇ ತಿಳಿದದ್ದು.

ಕೊಟ್ರಪ್ಪನವರು ಮಾತ್ರ ನಗಲಿಲ್ಲ. “ಸಾಕು” ಎಂದರು. ಯಾರಿಗೂ ಕೇಳಿಸಲಿಲ್ಲ. ಆಗ ನನ್ನ ಅತ್ತೆಯ ಕಡೆ ತಿರುಗಿ, “ಮುರಿಗೆಮ್ಮಾ, ನೀನು ಹೇಳು. ಮೋರೆ ನೋಡಿದೆಯಲ್ಲ. ಯಾರು ಯಾರು ತಡ?” ಎಂದರು.

ಮಕ್ಕಳು ಒಮ್ಮೆಲೇ ಅವಳ ಕಡೆ ತಿರುಗಿದವು. ಮುರಿಗೆಮ್ಮ ಮಸಿ ಬಿದ್ದ ಸೀರೆಯಲ್ಲಿ ನಿಂತಿದ್ದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೊಂದೇ ಮೋರೆ ನೋಡಿಕೊಂಡು ಬಂದಳು. ಆಗ ಅವಳು ಹೇಳಿದ ಮಾತು ಮೊಮ್ಮಗಳ ಮೇಲಿನ ಪ್ರೀತಿಗೆ ಎಂದು ಊರವರು ಇವತ್ತಿಗೂ ಅನ್ನುತ್ತಾರೆ. ನನಗೆ ಗೊತ್ತು, ಪ್ರೀತಿಗೆ ಅಲ್ಲ. ತನ್ನ ಕೆಲಸದಲ್ಲಿ ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ, ಅದೇ ಅವಳ ದೊಡ್ಡಸ್ತಿಕೆ, ಅದೇ ಅವಳ ಕೇಡು.

“ಈಗ ನಕ್ಕಿದ್ದರಾಗೆ ಯಾರೂ ತಡ ಇಲ್ರಿ. ಎಲ್ಲಾ ಒಟ್ಟಿಗೇ ನಕ್ಕಾವೆ” ಎಂದಳು.

ಸಾಹುಕಾರರು ಮೇಲೆದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಚೌಡಪ್ಪನ ಮುಂದೆ ನಿಂತು, “ನಾಳೆಯಿಂದ ಒಲಿ ಹತ್ರ ಬೇರೆಯವರು ನೋಡ್ಕೊಂತಾರೆ. ನೀನು ಮನೆ ನೋಡ್ಕೊ” ಎಂದು ಹೋದರು.

ಮನೆಗೆ ಬಂದಮೇಲೆ ಚೌಡಪ್ಪ ಮೊದಲ ಸಲ ನನ್ನ ಮೇಲೆ ಕೂಗಾಡಿದ. “ಊರಾಗೆ ಇರಬೇಕಾ ಬ್ಯಾಡ್ವಾ ನಾವು? ಭಟ್ಟಿಗೆ ನೀನೂ ಹೋದೆ, ನಾನೂ ಹೋದೆ. ಎಲ್ಲಾರೂ ಹೋದವರೇ. ನಿನ್ನ ಮಗಳಿಗೇನು ಕೊಂಬು ಐತಾ?”

“ನೀನು ಯಾವ ಕ್ಲಾಸಿಗೆ ಬಿಟ್ಟೆ?” ಎಂದು ಕೇಳಿದೆ.

“ಎರಡು.”

“ಮಸಿ ಹಚ್ಚಿದ್ದು ಯಾರು?”

ಅವನ ಅವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಸ್ವಂತ ಮಗನ ಹಣೆಗೂ ಹಚ್ಚಿದವಳು. ಚೌಡಪ್ಪ ಸ್ವಲ್ಪ ಹೊತ್ತು ಅವಳನ್ನು ನೋಡಿದ, ಆಮೇಲೆ ಬಚ್ಚಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದ. ಹೊರಗೆ ಬಂದವನು ಮತ್ತೆ ಕೂಗಾಡಲಿಲ್ಲ. ಆ ವಾರದಲ್ಲೇ ಪಕ್ಕದೂರಿನ ಅಕ್ಕಿ ಗಿರಣಿಗೆ ಕೆಲಸ ಕೇಳಿಕೊಂಡು ಹೋದ.

ಎಲ್ಲವೂ ಸರಿಹೋಯಿತು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ದಾಕ್ಷಿಯ ಸಾಲಿನ ಇಬ್ಬರು ಹುಡುಗಿಯರನ್ನು ಅವರ ಮನೆಯವರೇ ಹೆದರಿ ಭಟ್ಟಿಗೆ ಕಳಿಸಿಕೊಟ್ಟರು. ಒಬ್ಬಳ ತಾಯಿ ಬಾವಿಯ ಹತ್ತಿರ ನನಗೆ ಕೇಳುವ ಹಾಗೆ ನನ್ನ ಹೆಸರು ಹಿಡಿದು, “ಹುಲಿಗೆವ್ವಗೇನು, ಅತ್ತೆ ಇದಾಳೆ ಕಾಯಾಕೆ” ಎಂದಳು. ಕೊಡ ಅವಳ ತಲೆಗೆ ಬಡಿಯಬೇಕೆನಿಸಿತು. ಆಮೇಲೆ ಅವಳ ಕೈಯಲ್ಲಿನ ಸುಟ್ಟ ಕಲೆಗಳನ್ನು ನೋಡಿ ಸುಮ್ಮನೆ ನೀರು ಸೇದಿಕೊಂಡು ಬಂದೆ.

ಭವನದ ಗಲಾಟೆಯಾದ ಮರುದಿನ ಶಾಲೆಯಲ್ಲಿ ದಾಕ್ಷಿಯನ್ನು ಒಳಗೆ ಬಿಡಲಿಲ್ಲ. ಅವಳೇ ಬಾಯಿ ಬಿಟ್ಟು ಕಾಣುವುದಿಲ್ಲ ಎಂದಿದ್ದಾಳಲ್ಲ ಎಂದು ಹೆಡ್ ಮೇಷ್ಟ್ರು ವಾಪಸು ಕಳಿಸಿದರು. ಮೋರೆ ನೋಡುವವರು ಬಂದು ಹೇಳಿದರೆ ಮಾತ್ರ ಸೇರಿಸಿಕೊಳ್ಳುತ್ತೇನೆ ಎಂದರಂತೆ. ಅವಳು ಚೀಲ ಗೋಡೆಗೆ ನೇತುಹಾಕಿ ಅಳದೆ ಕೂತಳು.

ಸಂಜೆ ಅತ್ತೆ ಭವನಕ್ಕೆ ಹೋಗಲಿಲ್ಲ. ಆರು ಗಂಟೆಗೆ ಏನು ಮಾಡಬೇಕೆಂದು ತಿಳಿಯದೆ ಒಳಗೂ ಹೊರಗೂ ಓಡಾಡಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ದಾಕ್ಷಿ ಒಲೆಯ ಪಕ್ಕ ಕೂತಿದ್ದಳು. ಅತ್ತೆ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂತಳು. ಕೆಮ್ಮಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ, ಯಾರನ್ನೂ ನೋಡದೆ, “ಆ ಬಾಗಿಲು ತೆಗೀತೇನೇ?” ಎಂದಳು.

“ಯಾವ ಬಾಗ್ಲಜ್ಜಿ?”

“ಅದೇ... ಗೋಡೆ ಇಲ್ಲದ್ದು. ಕೋಳಿ ಕಾವಿಗೆ ಕೂತಿತ್ತಲ್ಲ.”

ನಾನು ಬಡಿಯುವುದನ್ನು ನಿಲ್ಲಿಸಿದೆ. ಅತ್ತೆಯ ಮೋರೆ ನೋಡಿದೆ. ಅಷ್ಟು ವರ್ಷ ದಿನಾ ಅರ್ಧ ತಾಸು ಮಕ್ಕಳ ಮೋರೆಯ ಮೇಲೆ ಆ ಕಥೆ ಆಡುವುದನ್ನು ನೋಡುತ್ತ ಕೂತವಳು, ಕಥೆ ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳು ಯಾಕೆ ನಕ್ಕವೋ ತಿಳಿಯದೆಯೇ ಅವು ತಡವಾಗಿ ನಕ್ಕದ್ದಕ್ಕೆ ಮಸಿ ಹಚ್ಚುತ್ತ ಬಂದಿದ್ದಳು. ಈಗ ಅವಳ ಮೋರೆಯಲ್ಲಿ ಇದ್ದದ್ದು ಹಸಿವು. ಸ್ವಲ್ಪ ಕನಿಕರ ಬಂತು. ಬಂದಷ್ಟೇ ಬೇಗ ಹೋಯಿತು.

ದಾಕ್ಷಿ ಹೇಳಲು ಬಾಯಿ ತೆರೆದಳು. ಹೇಳುವುದೆಂದರೆ ಅವಳಿಗೆ ಜೀವ. “ಹೇಳಬ್ಯಾಡ” ಎಂದೆ ನಾನು.

“ಯಾಕವ್ವಾ?”

“ನಾಳೆ ನಿಮ್ಮಜ್ಜಿ ನಿನ್ನ ಕೈ ಹಿಡ್ಕೊಂಡು ಶಾಲಿಗೆ ಹೋಗ್ಲಿ. ಭಟ್ಟಿ ಮುಂದಿನ ದಾರ್‍ಯಾಗೇ ಹೋಗ್ಲಿ. ಭವನದಾಗೆ ಹೇಳಿದ ಮಾತೇ ಹೆಡ್ ಮೇಷ್ಟ್ರಿಗೂ ಹೇಳ್ಲಿ. ಆಮ್ಯಾಲೆ ನೋಡೋಣ.”

“ನನಗೇ ಕರಾರು ಹಾಕ್ತೀಯೇನೇ?” ಎಂದಳು ಅತ್ತೆ.

“ಹೌದ್ರಿ ಅತ್ತೆವ್ವಾ. ನಿಮಗೇ.”

ಅವಳು ಊಟ ಮಾಡದೆ ಎದ್ದು ಹೋದಳು. ನಾನೂ ಕರೆಯಲಿಲ್ಲ.

ಬೆಳಿಗ್ಗೆ ನಾನು ದಾಕ್ಷಿಯ ಜಡೆ ಹಾಕುತ್ತಿದ್ದಾಗ ಅತ್ತೆ ಬಂದು ನಿಂತಳು. ಸ್ನಾನ ಆಗಿತ್ತು, ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ದಾಕ್ಷಿಯ ಕೈ ಹಿಡಿದು ಹೊರಟಳು. ನಾನು ಸ್ವಲ್ಪ ಹಿಂದೆ ನಡೆದೆ. ಭಟ್ಟಿಯ ಮುಂದೆ ಚೀಲ ಹೊಲಿಯುತ್ತಿದ್ದ ಮಕ್ಕಳು ಸೂಜಿ ನಿಲ್ಲಿಸಿ ನೋಡಿದರು. ಕೊಟ್ರಪ್ಪನವರು ಗದ್ದುಗೆಯ ಮೇಲಿಂದ “ಏನು ಮುರಿಗೆಮ್ಮಾ, ಎಲ್ಲಿಗೆ?” ಎಂದರು. ಅವಳು “ಇಲ್ಲೇ ರೀ” ಎಂದು ನಡೆದೇ ಹೋದಳು. ದಾಕ್ಷಿಯ ಕೈ ಬಿಡಲಿಲ್ಲ.

ಶಾಲೆಯ ಬಾಗಿಲಲ್ಲಿ ಹೆಡ್ ಮೇಷ್ಟ್ರು ಅಡ್ಡ ನಿಂತರು. “ಮುರಿಗೆಮ್ನೋರೇ, ಹುಡುಗಿ ಕಣ್ಣು ಬಲಿತಿವೆ ಅಂತ ಊರಿಗೆಲ್ಲ ಗೊತ್ತಾಗಿದೆಯಲ್ಲ.”

“ಮೋರೆ ನೋಡಾಕಿ ನಾನು. ತಡ ಇಲ್ಲ ಅಂದೀನಿ. ನಿಮಗೆ ನನಗಿಂತ ಚೆನ್ನಾಗಿ ಕಾಣ್ತೈತೇನು?” ಎಂದಳು ಅತ್ತೆ. ಮೇಷ್ಟ್ರು ಪಕ್ಕಕ್ಕೆ ಸರಿದರು.

ದಾಕ್ಷಿ ಮೆಟ್ಟಿಲು ಹತ್ತಿದಳು. ಅತ್ತೆ ಕೆಳಗಿನಿಂದಲೇ, ಮೇಷ್ಟ್ರಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಕೇಳಿದಳು. “ಈಗಾದ್ರೂ ಹೇಳೇ. ತೆಗೀತಾ?”

“ಸಂಜೆ ಹೇಳ್ತೀನಜ್ಜಿ. ಶಾಲೆ ಬಿಟ್ಮ್ಯಾಲೆ” ಎಂದು ದಾಕ್ಷಿ ಒಳಗೆ ಓಡಿದಳು.

ನಾವಿಬ್ಬರೇ ಉಳಿದೆವು. ಬಿಸಿಲು ಏರುತ್ತಿತ್ತು. ಅರ್ಧ ದಾರಿಗೆ ಬಂದಾಗ ಅತ್ತೆ ಮರದ ನೆರಳಲ್ಲಿ ನಿಂತು ನನ್ನ ಕಡೆ ತಿರುಗಿದಳು. “ನಿನಗೆ ಹೇಳಿರ್ತಾಳೆ. ನಿನಗೆ ಗೊತ್ತೈತೆ, ಅಲ್ವಾ?”

ಗೊತ್ತಿತ್ತು. ಜಡೆ ಹಾಕುವಾಗಲೇ ದಾಕ್ಷಿ ನನ್ನ ಕಿವಿಯಲ್ಲಿ ಎಲ್ಲ ಹೇಳಿದ್ದಳು. ನಾನು ಅತ್ತೆಯ ಮೋರೆಯನ್ನು ಚೆನ್ನಾಗಿ ನೋಡಿದೆ, ನನ್ನ ಮೂರನೇ ಕ್ಲಾಸಿನಲ್ಲಿ ಅವಳು ನನ್ನದನ್ನು ನೋಡಿದ ಹಾಗೆಯೇ. ಏನೂ ಹೇಳದೆ ಮುಂದೆ ನಡೆದೆ.